ಏನನ್ನೂ ಹಚ್ಚಬೇಡಿ

ಸಂಬಳದ ಕೆಲಸದಲ್ಲಿ ಒಂದು ದೊಡ್ಡ ಸುಖವಿದೆ. ಯೋಗ್ಯತೆಯನ್ನು ಒಂದೇ ಸಲ, ಇಂಟರ್‌ವ್ಯೂ ದಿನ ತೋರಿಸಿದರೆ ಸಾಕು; ಆಮೇಲೆ ವರ್ಷಗಟ್ಟಲೆ ಅದನ್ನು ಯಾರೂ ಕೇಳುವುದಿಲ್ಲ. ಸ್ವಂತ ದುಡಿಮೆಗೆ ಇಳಿದವನ ಪಾಡು ಹಾಗಲ್ಲ. ಹೋದ ಕಡೆಯಲ್ಲೆಲ್ಲ ಹೊಸದಾಗಿ ವಧುಪರೀಕ್ಷೆಗೆ ಕೂರಬೇಕು. ನಾನು ಎಲೆಕ್ಟ್ರಾನಿಕ್ ಸಿಟಿಯ ಕೆಲಸ ಬಿಟ್ಟು ಎಂಟು ತಿಂಗಳಾಯಿತು. ಕಾರ್ಖಾನೆಗಳ ಸೂಚನಾ ಫಲಕ, ಮೆಷೀನಿನ ಕೈಪಿಡಿ ಇವನ್ನೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ಈಗಿನ ಕಸುಬು. ಕೆಲಸ ನನಗೆ ಚೆನ್ನಾಗಿಯೇ ಬರುತ್ತದೆ, ಅದರಲ್ಲಿ ಸಂಕೋಚವಿಲ್ಲ. ಬರುತ್ತದೆ ಎಂಬ ಸಂಗತಿ ಊರಿಗೆ ಗೊತ್ತಿರಲಿಲ್ಲ, ಅಷ್ಟೇ. ಅಪಾರ್ಟ್‌ಮೆಂಟಿನ ವಾಚ್‌ಮನ್ ಕೂಡ ಹಗಲು ಹೊತ್ತಿನಲ್ಲಿ ನನ್ನನ್ನು ಕಂಡರೆ "ಹುಷಾರಿಲ್ವಾ ಸಾರ್?" ಎಂದು ಕೇಳುತ್ತಿದ್ದ.

ಹೆಂಡತಿ ಸುಧಾ ಒಂದು ಗಡುವು ಕೊಟ್ಟಿದ್ದಳು. ಯುಗಾದಿಯೊಳಗೆ ಕಾಯಂ ಆಗಿ ಕೆಲಸ ಕೊಡುವ ಒಂದಾದರೂ ಕಾರ್ಖಾನೆ ಸಿಗಬೇಕು. ಇಲ್ಲದಿದ್ದರೆ ಹಳೇ ಮ್ಯಾನೇಜರಿಗೆ ಫೋನ್ ಮಾಡಿ "ತಪ್ಪಾಯಿತು" ಅನ್ನಬೇಕು. ಆ ಮ್ಯಾನೇಜರಿಗೆ ನಾನು ಹೊರಡುವ ದಿನ ಸ್ವಾತಂತ್ರ್ಯದ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದ್ದೆ. ಅಷ್ಟು ಮಾತಾಡಬಾರದಿತ್ತು.

ಹೀಗಿರುವಾಗ ಪೀಣ್ಯದ ರೇವಣ್ಣನವರು ಸಿಕ್ಕಿದರು. ಮಾದನಾಯಕನಹಳ್ಳಿ ಕಡೆಯ ಒಕ್ಕಲು ಮನೆತನ. ಈಗ ವಿದ್ಯುತ್ ಪ್ಯಾನೆಲ್‌ಗಳ ತಗಡಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಮಾಲೀಕರು. ನನ್ನ ಅನುಭವ, ಭಾಷಾಶುದ್ಧಿ, ಸಮಯಪಾಲನೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಎಲ್ಲಾ ಸರಿ ಸಾರ್. ಆದ್ರೆ ಫೋನಿಗೆ ಆಕಿದ್ರೆ ಅದೇ ಕನ್ನಡ ಮಾಡ್ಕೊಡ್ತದೆ. ನಿಮ್ಮತ್ರ ಏನೈತೆ ಇಸೇಸ?" ಎಂದರು.

ಇಂಥ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಡಬಾರದು, ಕಣ್ಣಿಗೆ ತೋರಿಸಬೇಕು. "ಒಂದು ಸುತ್ತು ಹೋಗಿಬರೋಣ ಬನ್ನಿ" ಎಂದೆ. ಪ್ರೆಸ್ ಮೆಷೀನಿನ ಹತ್ತಿರವೇ ದೇವರು ವರ ಕೊಟ್ಟ. ತಗಡನ್ನು ಒತ್ತಿ ಆಕಾರಕ್ಕೆ ತರುವ ಅಚ್ಚಿಗೆ ಈ ಕಸುಬಿನವರು ಡೈ ಅನ್ನುತ್ತಾರೆ. ಡೈ ಬದಲಾಯಿಸುವ ಮುನ್ನ ಸ್ವಿಚ್ ಆಫ್ ಮಾಡಿ ಎಂಬ ಇಂಗ್ಲಿಷ್ ಸೂಚನೆಯನ್ನು ರೇವಣ್ಣನವರ ಫೋನು ಕನ್ನಡಕ್ಕೆ ತಂದಿತ್ತು. ಕೆಂಪು ಅಕ್ಷರದಲ್ಲಿ, ಗೋಡೆಯ ಮೇಲೆ: "ಸಾಯುವ ಮುನ್ನ ಸ್ವಿಚ್ ಆಫ್ ಮಾಡಿ."

ನಾನು ಗಟ್ಟಿಯಾಗಿ ಓದಿದೆ. ರೇವಣ್ಣನವರು ಕನ್ನಡಕ ಏರಿಸಿ ತಾವೂ ಓದಿದರು. "ಆರು ತಿಂಗಳಿಂದ ಐತೆ ಸಾರ್ ಇದು. ಯಾರೂ ಸತ್ತಿಲ್ಲ" ಎಂದು ಒಂದು ಕ್ಷಣ ಯೋಚಿಸಿ, "ಆದ್ರೂ ಅಪಶಕುನ ಬುಡಿ" ಎಂದು ಅದನ್ನು ಕೀಳಿಸಿದರು. ಪರೀಕ್ಷೆಗೆಂದು ಪೇಂಟಿಂಗ್ ವಿಭಾಗದ ಒಂದು ಫಲಕ ಬರೆದುಕೊಡಿ, ಅದು ಸರಿಹೋದರೆ ಇಡೀ ಕಾರ್ಖಾನೆಯ ಬರವಣಿಗೆ ನಿಮ್ಮದೇ ಎಂದರು. ಮೆಟ್ರೋದಲ್ಲಿ ಜಾಗ ಖಾಲಿಯಿದ್ದರೂ ಎದೆಯುಬ್ಬಿಸಿ ನಿಂತುಕೊಂಡೇ ಮನೆಗೆ ಬಂದೆ.

ಪೇಂಟಿಂಗ್ ವಿಭಾಗದಲ್ಲಿ ತಿನ್ನರ್ ಇರುತ್ತದೆ, ಒಂದು ಕಿಡಿ ಬಿದ್ದರೆ ಕಥೆ ಮುಗಿಯಿತು. "ಧೂಮಪಾನ ನಿಷೇಧಿಸಲಾಗಿದೆ" ಎಂದು ಯಾರು ಬೇಕಾದರೂ ಬರೆದಾರು. ನಾನು ಎರಡು ದಿನ ಕೂತು ಹೊಸೆದೆ. ಬೀಡಿ, ಬೆಂಕಿಕಡ್ಡಿ, ಶುಕ್ರವಾರ ಮೆಷೀನಿಗೆ ಬೆಳಗುವ ಊದುಬತ್ತಿ, ಎಲ್ಲಕ್ಕೂ ಸೇರಿ ಅಚ್ಚಗನ್ನಡದ ಒಂದೇ ವಾಕ್ಯ: "ಇಲ್ಲಿ ಏನನ್ನೂ ಹಚ್ಚಬೇಡಿ." ಸುಧಾಗೆ ಓದಿ ಹೇಳಿದೆ. ಅವಳಿಗೂ ಹಿಡಿಸಿತು. ನಾವಿಬ್ಬರೂ ಮೈಸೂರಿನವರು ಎಂಬುದನ್ನು ಇಲ್ಲಿ ನೆನಪಿಡಬೇಕು.

ಬೆಳಿಗ್ಗೆ ಫಲಕ ನೇತುಹಾಕಿಸಿ, ರೇವಣ್ಣನವರ ಕೋಣೆಯಲ್ಲಿ ಟೀ ಕುಡಿಯುತ್ತ ನುಡಿಯ ಸೊಗಸಿನ ಬಗ್ಗೆ ಅವರಿಗೆ ಪಾಠ ಹೇಳುತ್ತಿದ್ದೆ. ಅವರು ಕಿವಿ ನಿಮಿರಿಸಿ, "ಸದ್ದೇ ನಿಂತೋಯ್ತಲ್ಲ?" ಎಂದು ಎದ್ದರು. ಹೋಗಿ ನೋಡಿದರೆ ಪೇಂಟಿಂಗ್‌ನವರು ಆರೂ ಜನ ಕೈಕಟ್ಟಿ ಕೂತಿದ್ದಾರೆ. ಹೊಗೆ, ವಾಸನೆ ಎಳೆಯುವ ದೊಡ್ಡ ಫ್ಯಾನು ನಿಂತಿದೆ. ತಿನ್ನರ್ ಘಾಟು ಮೂಗಿಗೆ ಹೊಡೆಯುತ್ತಿತ್ತು.

ಅವರಲ್ಲಿ ಹಿರಿಯರು ಯಾದಗಿರಿ ಕಡೆಯ ಮಲ್ಲಪ್ಪ. ಎದ್ದು ನಿಂತು ವಿನಯದಿಂದ ಕೇಳಿದರು: "ಸರ್ರ, ಏನೂ ಹಚ್ಚಬ್ಯಾಡ್ರಿ ಅಂದ್ರ ನಾವು ಬಣ್ಣ ಹ್ಯಾಂಗ ಹಚ್ಚೋದ್ರಿ? ಫ್ಯಾನೂ ಹಚ್ಚಬಾರದಂತ ಬಂದ್ ಮಾಡೀವ್ರಿ. ಮನಿಯಿಂದ ಫೋನ್ ಬಂದಿತ್ತು, ತಿರುಗಿ ಫೋನೂ ಹಚ್ಚಿಲ್ರಿ."

ನಾನು ಪೇಂಟು ಹೊಡೆಯುವ, ಫ್ಯಾನು ಹಾಕುವ, ಫೋನು ಮಾಡುವ ಊರಿನವನು. ಅವರ ಊರಿನಲ್ಲಿ ಈ ಮೂರನ್ನೂ ಹಚ್ಚುತ್ತಾರೆ. ಮಲ್ಲಪ್ಪನವರು ಮುಗ್ಧವಾಗಿ ಕೇಳಿದರೋ, ನನ್ನ ಕಾಲೆಳೆದರೋ ಇವತ್ತಿಗೂ ತಿಳಿಯದು. ಅವರ ಮೀಸೆ ದಪ್ಪವಿತ್ತು. ಆದರೆ ನಿಂತ ಫ್ಯಾನು ನೋಡಿ ನನಗೆ ನಿಜವಾಗಿ ಭಯವಾಯಿತು. ಫೋನಿನ ಕನ್ನಡ ಆರು ತಿಂಗಳಲ್ಲಿ ಮಾಡದ ಅನಾಹುತವನ್ನು ನನ್ನ ಅಚ್ಚಗನ್ನಡ ಹತ್ತೇ ನಿಮಿಷದಲ್ಲಿ ಮಾಡುವುದರಲ್ಲಿತ್ತು.

ಶಟರ್ ಎತ್ತಿಸಿ ಎಲ್ಲರನ್ನೂ ಹೊರಗೆ ಕಳಿಸಿದ ಮೇಲೆ, "ತಪ್ಪು ನನ್ನದೇ ರೇವಣ್ಣನವರೇ" ಎಂದೆ. ಬೇರೆ ದಾರಿಯೂ ಇರಲಿಲ್ಲ. ಅವರು ಮನಸಾರೆ ಬೈದರು. ಬೈಗುಳದ ವಿಷಯದಲ್ಲಿ ಅವರಿಗೆ ಅನುವಾದಕನ ಅಗತ್ಯವೇ ಇಲ್ಲ. ಆಮೇಲೆ ನಾನೂ ಮಲ್ಲಪ್ಪನವರೂ ಅಂಗಳದಲ್ಲಿ ಖಾಲಿ ಡಬ್ಬಗಳ ಮೇಲೆ ಕೂತು, ಅವರು ಒಪ್ಪುವವರೆಗೆ ಒಂದೊಂದು ಪದವನ್ನೂ ತೂಗಿ ಬರೆದೆವು: "ಬೀಡಿ ಸೇದಬೇಡಿ. ಬೆಂಕಿ ತರಬೇಡಿ. ಫ್ಯಾನ್ ಬಂದ್ ಮಾಡಬೇಡಿ." ಸೊಗಸು ಸೊನ್ನೆ. ಆರೂ ಜನಕ್ಕೆ ಅರ್ಥವಾಯಿತು.

ಹಳೇ ಮ್ಯಾನೇಜರಿಗೆ ಹೇಗೆ ಮಾತು ಶುರುಮಾಡಲಿ ಎಂದು ಯೋಚಿಸುತ್ತ ಬ್ಯಾಗು ಎತ್ತಿಕೊಂಡೆ. ರೇವಣ್ಣನವರು ತಡೆದರು. "ಎಲ್ಲೋಯ್ತೀರಾ? ಸೋಮವಾರದಿಂದ ಬನ್ನಿ. ಎಲ್ಲಾ ಬೋರ್ಡು ನೀವೇ ನೋಡ್ಕಳಿ."

"ಇಷ್ಟೆಲ್ಲ ಆದ ಮೇಲೂ?"

"ಅಂಗಲ್ಲ ಸಾರ್, ಫೋನ್ ತಪ್ಪು ಮಾಡಿದ್ರೆ ಯಾರನ್ನ ಬೈಯಾನ? ನೀವಾದ್ರೆ ಎದುರಿಗೆ ನಿಂತು ಬೈಸ್ಕೊಂಡ್ರಿ, ಕೂತು ಸರಿನೂ ಮಾಡಿದ್ರಿ. ಅದೇ ನಿಮ್ಮ ಇಸೇಸ."

ಮನೆಗೆ ಬಂದು ಸುಧಾಗೆ ಗೆಲುವಿನ ಸುದ್ದಿ ಹೇಳಿದೆ. ನನ್ನಲ್ಲಿ ಅವರು ಕಂಡ ಯೋಗ್ಯತೆ ಯಾವುದೆಂದು ಅವಳು ಬಿಡದೆ ಕೇಳಿದಳು. ಹೇಳಲೇಬೇಕಾಯಿತು.

"ಎಂಟು ತಿಂಗಳು ಊರೆಲ್ಲ ಅಲೆದ್ರಿ," ಎಂದಳು. "ಸರ್ಟಿಫಿಕೇಟ್ ಬೇಕಿದ್ರೆ ಮೊದ್ಲೇ ನನ್ನ ಕೇಳಬಾರದಿತ್ತಾ? ಹನ್ನೊಂದು ವರ್ಷದ ಅನುಭವ ಅಂತ ಬರೆದುಕೊಡ್ತಿದ್ದೆ."