ಅಮ್ಮ ಪ್ರಶ್ನೆ ಕೇಳಿದಾಗ

ಮನೆಯಲ್ಲೊಬ್ಬ ಗಣಿತದ ಟೀಚರ್ ಇದ್ದರೆ ಇಂಥವೆಲ್ಲ ನಡೆಯುತ್ತಲೇ ಇರುತ್ತವೆ. ನಮ್ಮ ಮನೆಯಲ್ಲಿ ಆ ಟೀಚರ್ ಅಮ್ಮನೇ ಆಗಿದ್ದರಿಂದ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ. ಕ್ರೋಂಪೇಟೆಯ ಒಂದು ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿ, ಕೊನೆಯ ಆರು ವರ್ಷ ಅಣ್ಣಾ ನಗರ್‌ನ ನಮ್ಮ ಫ್ಲಾಟಿನಲ್ಲಿದ್ದು, ಎಂಬತ್ತನಾಲ್ಕಕ್ಕೆ ಹೋದಳು. ಐವತ್ತು ವರ್ಷ ನನಗೆ ಅಮ್ಮನನ್ನು ಕಂಡರೆ ಹೆದರಿಕೆ. ಆಮೇಲೆ ಅಮ್ಮ ನನ್ನನ್ನು ಮರೆತೇಬಿಡುತ್ತಾಳೇನೋ ಎಂಬ ಹೆದರಿಕೆ. ಎರಡರಲ್ಲಿ ಮೊದಲನೆಯದೇ ವಾಸಿ.

ಪೋಷಕರು ಬರತಕ್ಕದ್ದು

ಎಂಟನೇ ಕ್ಲಾಸಿನಲ್ಲಿ ನನಗೆ ಗಣಿತ ಅಮ್ಮನದೇ. ಶಾಲೆಯ ಗೇಟು ದಾಟಿದರೆ ನಾನು ಅವಳಿಗೆ ಯಾರೂ ಅಲ್ಲ, ಟೀಚರ್ ಎಂದೇ ಕರೆಯಬೇಕು. ಒಂದು ಸಲ ಹೋಮ್‌ವರ್ಕ್ ಮಾಡದೆ ಹೋದೆ. ಪೋಷಕರು ಬಂದು ಕಾಣಬೇಕೆಂದು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಳು. ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ಅದೇ ಡೈರಿ ಚಾಚಿದೆ. ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ಮೊದಲ ಸಲ ನೋಡುವವಳ ಹಾಗೆ ಪೂರ್ತಿ ಓದಿದಳು.

"ನಾಳೆ ನಂಗೆ ಬರಕ್ಕಾಗಲ್ಲ, ಸ್ಕೂಲಿದೆ. ಅಪ್ಪನ್ನ ಕರ್ಕೊಂಡ್ಹೋಗು."

ರೈಲ್ವೆಯಲ್ಲಿದ್ದ ಅಪ್ಪ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದರು. ಮನೆಯಲ್ಲಿ ಮಗಳ ಓದಿನ ಕಡೆ ಯಾರಿಗೂ ಗಮನವಿಲ್ಲ ಎಂದು ಅಮ್ಮ ಅವರನ್ನು ನಿಲ್ಲಿಸಿಕೊಂಡೇ ಹತ್ತು ನಿಮಿಷ ಶಾಲೆಯ ರೂಢಿಯಂತೆ ತಮಿಳಿನಲ್ಲಿ ತರಾಟೆಗೆ ತೆಗೆದುಕೊಂಡಳು. ಅಪ್ಪ "ಸರಿಂಗ ಟೀಚರ್, ಸರಿಂಗ ಟೀಚರ್" ಎನ್ನುತ್ತಾ ಹಿಂದಕ್ಕೆ ಹೆಜ್ಜೆಯಿಟ್ಟೇ ಹೊರಬಂದರು.

ಸಂಜೆ ಕಾಫಿ ಕೊಡುತ್ತಾ ಅಮ್ಮ ವಿಚಾರಿಸಿದಳು: "ಏನಂದ್ರು ಟೀಚರು?"

ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಪಾಪ, ಅವರ ಯಜಮಾನ್ರ ಗತಿ ನೆನೆಸ್ಕೊಂಡ್ರೆ ಭಯ ಆಗತ್ತೆ" ಎಂದರು.

ಒಪ್ಪಿಗೆ

ನನ್ನನ್ನು ನೋಡಲು ಮೈಲಾಪೂರಿನಿಂದ ಬಂದ ಹುಡುಗ ಬ್ಯಾಂಕಿನಲ್ಲಿದ್ದ. ಅವರ ಮನೆಯವರೂ ನಮ್ಮ ಹಾಗೇ ಕನ್ನಡದವರು. ಅವನು ಚಿಕ್ಕಂದಿನಲ್ಲಿ ಕ್ರೋಂಪೇಟೆಯಲ್ಲಿದ್ದು ಅಮ್ಮನ ಹತ್ತಿರ ಓದಿದವನು ಎಂಬುದು ಎರಡೂ ಮನೆಯವರಿಗೆ ಹೊಳೆದಿರಲಿಲ್ಲ. ಕೇಸರಿಬಾತಿನ ತಟ್ಟೆ ಹಿಡಿದು ಅಮ್ಮ ಒಳಗಿನಿಂದ ಬಂದಳೋ ಇಲ್ಲವೋ, ಹುಡುಗ ದಡಕ್ಕನೆ ಎದ್ದು ನಿಂತ. ಬೆವರು ಕಿತ್ತುಕೊಂಡು ಬಂತು. ಅವನ ತಾಯಿ ಫ್ಯಾನು ಜೋರು ಮಾಡಲು ಹೇಳಿದರು.

ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ನಮ್ಮ ಹುಡುಗಿ ಒಪ್ಪಿಗೆನಾ?" ಎಂದಳು.

"ಎಸ್ ಟೀಚರ್" ಎಂದ.

ಆ 'ಎಸ್' ನನಗೆ ಹೇಳಿದ್ದೋ ಹಾಜರಿಗೆ ಹೇಳಿದ್ದೋ, ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದರೂ ಕೇಳುವ ಧೈರ್ಯ ನನಗೆ ಬಂದಿಲ್ಲ.

ಬಿ ಸೆಕ್ಷನ್

ಒಂದು ಭಾನುವಾರ ಬೆಳಿಗ್ಗೆ ನನ್ನ ಮಗಳು ಓಡಿಬಂದು, "ಪಾಟ್ಟಿ ವೀಟ್ಲ ಇಲ್ಲಮ್ಮಾ" ಎಂದಳು, ಅಜ್ಜಿ ಮನೆಯಲ್ಲಿಲ್ಲ ಎಂದು. ಅಮ್ಮನ ಫೋನು ಮಂಚದ ಮೇಲೇ ಇತ್ತು, ಚಪ್ಪಲಿ ಇರಲಿಲ್ಲ. ಅದಕ್ಕೂ ವಾರದ ಹಿಂದೆಯಷ್ಟೇ, ಹದಿನೈದು ವರ್ಷದ ಹಿಂದೆ ತೀರಿಕೊಂಡ ಅಪ್ಪನಿಗೆ ಕಾಫಿ ಕೊಟ್ಟೆಯಾ ಎಂದು ಕೇಳಿದ್ದಳು. ಪಾರ್ಕು, ದೇವಸ್ಥಾನ, ಮೆಟ್ರೋ ಸ್ಟೇಷನ್ ಎಲ್ಲ ಸುತ್ತಿದೆವು. ಸಿಕ್ಕ ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತೆ.

ಸಿಕ್ಕಿದ್ದು ಹಿಂದಿನ ಬೀದಿಯ ಟ್ಯೂಷನ್ ಸೆಂಟರಿನಲ್ಲಿ. ಗಲಾಟೆ ಕೇಳಿ ಒಳಗೆ ಹೋಗಿದ್ದಳಂತೆ. ಈಗ ಕುರ್ಚಿಯಲ್ಲಿ ಅಮ್ಮ, ತಲೆ ತಗ್ಗಿಸಿ ಪರೀಕ್ಷೆ ಬರೆಯುವ ಮೂವತ್ತು ಮಕ್ಕಳು. ಟ್ಯೂಷನ್ ಮಾಸ್ಟರ್ ಗೋಡೆಗೆ ಒತ್ತಿಕೊಂಡು ಕೈಕಟ್ಟಿ ನಿಂತಿದ್ದರು. ನನ್ನನ್ನು ನೋಡಿ ಅಮ್ಮ ತಮಿಳಿನಲ್ಲಿ ಗದರಿದಳು, ಇಷ್ಟು ತಡವಾಗಿ ಬಂದಿದ್ದೀಯಲ್ಲ, ಯಾವ ಸೆಕ್ಷನ್ ನೀನು? ಮನೆಯಲ್ಲಿ ನನ್ನೊಡನೆ ಅವಳು ತಮಿಳು ಆಡಿದವಳೇ ಅಲ್ಲ. ತಮಾಷೆಗೆ ಕೇಳಿದಳೋ, ನಿಜಕ್ಕೂ ಗುರುತು ಸಿಗಲಿಲ್ಲವೋ?

"ಬಿ ಸೆಕ್ಷನ್" ಎಂದು ಹಿಂದಿನ ಬೆಂಚಿನಲ್ಲಿ ಕೂತೆ.

ಮಕ್ಕಳು ಪೇಪರ್ ಕೊಟ್ಟು ಹೋದ ಮೇಲೆ ಅಮ್ಮ ಎದ್ದು, "ಮಧ್ಯಾಹ್ನಕ್ಕೆ ಏನೇ ಅಡಿಗೆ?" ಎಂದು ಕನ್ನಡದಲ್ಲೇ ಕೇಳಿದಳು. ಜೀವ ಬಂತು. ಬಾಗಿಲವರೆಗೆ ಬಂದ ಮಾಸ್ಟರ್ ಕೈಮುಗಿದು ನನ್ನ ಕಿವಿಯಲ್ಲಿ ಬೇಡಿಕೊಂಡರು: ಮುಂದಿನ ಭಾನುವಾರವೂ ಇವರನ್ನು ಕಳೆದುಕೊಳ್ಳಿ.

ನೂರರಲ್ಲಿ ಏಳು

ಆಮೇಲೆ ತಡಮಾಡದೆ ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಳೆ ವಯಸ್ಸಿನವನು, ನಗುಮುಖ, ಮನೆಮಾತು ಕನ್ನಡವಂತೆ. ನಾನು ಅಮ್ಮನ ಪಕ್ಕದಲ್ಲಿ ಕೂತೆ.

"ಇವತ್ತು ಯಾವ ವಾರ, ಅಮ್ಮಾ?"

"ನೀನೇ ಹೇಳಪ್ಪ" ಎಂದಳು ಅಮ್ಮ.

"ಮಂಗಳವಾರ" ಎಂದ ಡಾಕ್ಟರು.

"ಗುಡ್. ಮುಂದಿಂದು."

"ನೂರರಲ್ಲಿ ಏಳು ಕಳೀರಿ. ಬಂದಿದ್ರಲ್ಲಿ ಮತ್ತೆ ಏಳು. ಹಾಗೇ ಕಳೀತಾ ಹೋಗಿ."

"ನೀನು ಕಳಿ, ನಾನು ಕೇಳ್ತೀನಿ. ಗಟ್ಟಿಯಾಗಿ ಹೇಳ್ಬೇಕು. ಕಾಲು ಅಲ್ಲಾಡಿಸ್ಬಾರ್ದು."

ಡಾಕ್ಟರು ಕಾಲು ನಿಲ್ಲಿಸಿದ. "ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೊಂದು..."

"ವೆರಿ ಗುಡ್" ಎಂದಳು ಅಮ್ಮ.

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕ. ಇಷ್ಟು ಚುರುಕಾದವರಿಗೆ ಏನು ಮರೆವು, ಆರು ತಿಂಗಳು ಬಿಟ್ಟು ಬನ್ನಿ ಸಾಕು ಎಂದು ಚೀಟಿ ಬರೆದ. ನನಗೆ ನಗು ಬರಲಿಲ್ಲ. ಎಪ್ಪತ್ತೊಂದು ತಪ್ಪು, ಎಪ್ಪತ್ತೆರಡಾಗಬೇಕು. ಅಂಥ ತಪ್ಪಿಗೆ ಇಡೀ ಕ್ಲಾಸನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ಅಮ್ಮ.

ಆಟೋದಲ್ಲಿ ಕೂತ ಮೇಲೆ ತಡೆಯಲಾಗಲಿಲ್ಲ. "ಅವನು ತಪ್ಪು ಹೇಳಿದ್ನಲ್ಲಮ್ಮ, ಯಾಕೆ ಬಿಟ್ಟೆ?"

 ಅಮ್ಮ ನನ್ನ ಕೈ ಹಿಡಿದುಕೊಂಡಳು.

"ನಂಗೆ ಒಂದೂ ಗೊತ್ತಾಗ್ಲಿಲ್ಲ ಕಣೆ. ಉತ್ತರ ಗೊತ್ತಿಲ್ದೇ ಇದ್ರೆ ಟೀಚರ್ ಬಾಯಿ ಬಿಡಬಾರ್ದು. ಪ್ರಶ್ನೆನ ಕ್ಲಾಸಿಗೇ ಕೇಳ್ಬಿಡ್ಬೇಕು. ಯಾರಾದ್ರೂ ಒಬ್ರು ಹೇಳ್ತಾರೆ."

ಅಷ್ಟರಲ್ಲಿ ನಮ್ಮ ಬೀದಿಯ ತಿರುವು ಬಂತು. ಡ್ರೈವರ್ ಹಿಂದಕ್ಕೆ ತಿರುಗಿ ಅಮ್ಮನನ್ನೇ ಕೇಳಿದ: "ಲೆಫ್ಟಾ, ರೈಟಾಮ್ಮಾ?"

ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ನನ್ನ ಕಡೆ ನೋಡಿದಳು. "ಎಲ್ಲಿ, ನೀನು ಹೇಳು ನೋಡೋಣ."

"ರೈಟು" ಎಂದೆ.

ಅಮ್ಮ ಡ್ರೈವರನ ಭುಜ ತಟ್ಟಿದಳು. "ಕೇಳಿದ್ಯಾಪ್ಪಾ? ರೈಟ್! ಚಿಕ್ಕ ಹುಡುಗಿಗೇ ಗೊತ್ತು, ನಿನಗೆ ಗೊತ್ತಿಲ್ವಾ?"