ಕೆಟ್ಟದ್ದನ್ನು ಮೇಲಿಟ್ಟವರು

ನನ್ನ ಹಳೆಯ ಡೈರಿಯಲ್ಲಿ ಏಪ್ರಿಲ್ ಹನ್ನೊಂದರ ಪುಟದಲ್ಲಿ ಒಂದೇ ಸಾಲಿದೆ: "ಇವತ್ತೂ ಇವರು ಖರೇ ಹೇಳಿ ಬಂದರು." ಇವರು ಎಂದರೆ ನಮ್ಮ ಯಜಮಾನರು. ತಿಕೋಟಾದಲ್ಲಿ ದ್ರಾಕ್ಷಿ ತೋಟ, ಸುಳ್ಳು ಹೇಳಲು ಬಾಯಿ ಬಾರದ ಸ್ವಭಾವ. ಬಿ.ಎ. ಓದಿದ ನಾನು ದಿನಾ ಡೈರಿ ಬರೆಯುವವಳು. ಇವರಿಂದಾಗಿ ಯಾವ ಪುಟವೂ ಖಾಲಿ ಉಳಿದಿಲ್ಲ. ಆ ವರ್ಷ ಮಾತ್ರ ನನಗೆ ನಗು ಬರುತ್ತಿರಲಿಲ್ಲ. ಮಗಳಿಗೆ ಗಂಡು ನೋಡುತ್ತಿದ್ದೆವು.

ಮೇಲಿನ ಪದರ

ಮಣೂಕ, ಅಂದರೆ ಒಣದ್ರಾಕ್ಷಿ, ಬಾಕ್ಸಿಗೆ ತುಂಬುವಾಗ ನಮ್ಮ ಕಡೆ ಒಂದು ರೂಢಿ ಇದೆ. ಹಸಿರು ಕಾಳು ಮೇಲೆ, ಕಪ್ಪಾದದ್ದು ತಳಕ್ಕೆ. ಇವರು ಉಲ್ಟಾ ತುಂಬಿದರು. "ಕೊಳ್ಳಾವ ಮೊದಲ ಕೆಟ್ಟದ್ದ ನೋಡ್ಲಿ. ಆಮ್ಯಾಲೆ ಬೈಯೂದು ಉಳಿಯಂಗಿಲ್ಲ."

ವಿಜಯಪುರದ ಸಿದ್ಧೇಶ್ವರ ಗುಡಿ ಹತ್ತಿರದ ವ್ಯಾಪಾರಿ ಬಾಕ್ಸ್ ತೆರೆದು ಇವರ ಮುಖ ನೋಡಿದರು.

"ಮ್ಯಾಲೆ ಇಂಥಾದ್ದಿದ್ರ ತಳದಾಗ ಏನ್ ಇಟ್ಟೀರಿ ಸಾವಕಾರ್ರ?"

"ತಳದಾಗ ಚಲೋದೈತ್ರಿ."

"ಇಷ್ಟ ವರ್ಷ ವ್ಯಾಪಾರ ಮಾಡೇನಿ. ಇಂಥಾ ಸುಳ್ಳ ಯಾರೂ ಹೇಳಿರ್ಲಿಲ್ಲ ಬಿಡ್ರಿ."

ಬಾಕ್ಸ್‌ಗಳು ಹೋದ ಗಾಡಿಯಲ್ಲೇ ಮನೆಗೆ ಬಂದವು.

ಬಬಲೇಶ್ವರದ ಬಸ್ಸು

ಬಬಲೇಶ್ವರದಲ್ಲಿ ಒಳ್ಳೆಯ ಹುಡುಗ ಇದ್ದಾನೆಂದು ಇವರು ನೋಡಲು ಹೊರಟರು. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲರಿಂದ ಅರ್ಧ ದುಡ್ಡು ತೆಗೆದುಕೊಂಡು ಟಿಕೀಟು ಕೊಡದೆ ಮುಂದೆ ಹೋಗುತ್ತಿದ್ದ. ಇವರು ಪೂರ್ತಿ ದುಡ್ಡು ಹಿಡಿದು, "ನನಗ ಟಿಕೀಟ ಬೇಕು" ಎಂದರು. ಕಂಡಕ್ಟರ್ ಇವರ ಬಿಳಿ ಅಂಗಿ, ಕನ್ನಡಕ ನೋಡಿದ. ಚೆಕಿಂಗ್ ಸಾಹೇಬರೇ ವೇಷ ಮರೆಸಿ ಬಂದಿದ್ದಾರೆಂದು ಹೆದರಿ, ಎಲ್ಲರಿಂದ ಉಳಿದ ದುಡ್ಡು ಕೇಳಿ ಟಿಕೀಟು ಹರಿದುಕೊಟ್ಟ.

ಮುಂದಿನ ಸೀಟಿನ ಒಬ್ಬ ಹಿರಿಯರು ಊರು ಬರುವ ತನಕ ಬೈದರು: "ಧರ್ಮರಾಯ ಬಂದಾನ. ನಡ್ಕೊಂತ ಹೋಗಾಕ ಏನಾಗಿತ್ತಂತ?"

ಬಬಲೇಶ್ವರದಲ್ಲಿ ಇಳಿದು, ವಿಳಾಸ ಕೇಳುತ್ತ ಹೋಗಿ ಇವರು ಹುಡುಗನ ಮನೆಯ ಬಾಗಿಲು ಬಡಿದರು. ತೆರೆದದ್ದು ಆ ಹಿರಿಯರೇ. ಹುಡುಗನ ಸೋದರಮಾವ.

ಒಂದು ಲೋಟ ನೀರು ಕೊಟ್ಟು ಕಳಿಸಿದರಂತೆ.

ಕನ್ಯಾ ನೋಡಿದ್ದು

ಕೊನೆಗೆ ನಮ್ಮ ನೆಗೆಣ್ಣಿ, ಇವರ ತಮ್ಮನ ಹೆಂಡತಿ, ವಿಜಯಪುರದ ಒಂದು ಮನೆತನ ಹುಡುಕಿದಳು. ಅವರು ಬರುವ ದಿನ ಇವರಿಗೆ ಹೇಳಿದೆ: "ನೀವು ಬರೇ ನಗ್ರಿ. ಮಾತು ನಾ ಆಡ್ತೀನಿ. ಈ ಸಂಬಂಧನೂ ಹೋತಂದ್ರ ನನ್ನ ಕೂಡ ಮಾತಾಡಬ್ಯಾಡ್ರಿ."

ಹುಡುಗನ ತಂದೆ ಹೊಸ್ತಿಲಲ್ಲೇ ನಿಂತರು. ಬಾಕ್ಸ್ ತಿರುಗಿಸಿ ಕಳಿಸಿದ ಅದೇ ವ್ಯಾಪಾರಿ. ಇವರು ನಕ್ಕರು.

ಹುಡುಗನ ತಾಯಿ, "ಉಂಡಿ ಭಾಳ ಚಲೋ ಆಗ್ಯಾವ. ಹುಡಿಗಿ ಮಾಡ್ಯಾಳೇನ್ರಿ?" ಎಂದರು.

"ಇನ್ನೊಂದ ತಗೋರಿ" ಎಂದು ತಟ್ಟೆ ಸರಿಸಿದೆ.

ಇವರಿಗೆ ತಡೆಯಲಾಗಲಿಲ್ಲ. "ಉಂಡಿ ಅಂಗಡೀವು ರೀ. ಅಕಿ ಮಾಡಿದ್ದು ಉಪ್ಪಿಟ್ಟು. ಅದು ಗಂಟ ಆಗೇತಿ, ಒಳಗೈತಿ. ಮುಂಜಾನೆ ಲಗೂ ಏಳಂಗಿಲ್ಲ. ಸಿಟ್ಟು ಬಂದ್ರ ಬಾಗಲಾ ಜೋರ ಹಾಕ್ತಾಳ. ಒಂದ ಕದಾ ಹೊಸಾದು ಹಾಕಿಸೇವಿ, ನೋಡ್ರಿ ಅಲ್ಲೈತಿ."

ನಾನು ಕಣ್ಣು ಮುಚ್ಚಿಕೊಂಡೆ. ವ್ಯಾಪಾರಿ ಆ ಕದ ನೋಡಿ ಹೆಂಡತಿಯ ಕಡೆ ತಿರುಗಿದರು. "ಅವತ್ತ ಇವರನ್ನ ಕಳಿಸಿ ಇನ್ನೊಬ್ಬರ ಮಾಲು ತಗೊಂಡೆ. ಮ್ಯಾಲೆ ಥಳಥಳ, ತಳದಾಗ ಬರೇ ಕಸ ಇತ್ತು. ಇವರು ಕೆಟ್ಟದ್ದೆಲ್ಲಾ ಮ್ಯಾಲೇ ಇಟ್ಟಾರ. ಒಳಗ ಚಲೋದ ಇರತೈತಿ. ನನಗ ಒಪ್ಪಿಗಿ."

ಒಳಗಿನಿಂದ ಮಗಳ ದನಿ ಬಂತು: "ನಿಮ್ಮ ಹುಡುಗಂದೂ ಮ್ಯಾಲಿನ ಪದರ ತೋರಸ್ರಿ ಮಾಮಾರ."

ಹುಡುಗ ತಲೆ ತಗ್ಗಿಸಿದ. ಅವನ ತಾಯಿ ಉಂಡಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಮಗನದು ಒಂದೊಂದೇ ಹೇಳಲು ಶುರು ಮಾಡಿದರು. ಎರಡು ಸಲ ಚಹಾ ಆಯಿತು, ಅವರ ಮಾತು ಮುಗಿಯಲಿಲ್ಲ. ಮಗಳು ನಗುತ್ತಲೇ ಹೊರಗೆ ಬಂದು ಕೂತಳು.

ಇವರ ಈ ಖರೇತನಕ್ಕೆ ಒಟ್ಟು ತಗುಲಿದ್ದನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ: ಬಬಲೇಶ್ವರದ ಒಂದು ಸಂಬಂಧ ಹೋಯಿತು. ವಿಜಯಪುರದ ಒಬ್ಬ ದೊಡ್ಡ ಗಿರಾಕಿಯೂ ಕೈತಪ್ಪಿದರು, ಏಕೆಂದರೆ ಬೀಗರ ಹತ್ತಿರ ಮಣೂಕದ ರೊಕ್ಕ ಕೇಳುವಂತಿಲ್ಲ. ಪ್ರತಿ ವರ್ಷ ಅವರ ಮನೆಗೆ ಒಂದು ಬಾಕ್ಸ್ ಪುಕ್ಕಟೆ ಹೋಗುತ್ತದೆ. ಬೀಗರು ಅದನ್ನು ಬೋರಲು ಹಾಕಿ ತಳದಿಂದ ತೆರೆಯುತ್ತಾರೆ.