ಅಮೆರಿಕದ ಅಧ್ಯಕ್ಷರೂ ಕೊರ್ಲಿಮ್ ಬಸ್ಸೂ

ಸ್ವಂತ ಸರ್ಕಾರವನ್ನು ಬೈಯುವುದಕ್ಕಿಂತ ಪರದೇಶದ ಸರ್ಕಾರವನ್ನು ಬೈಯುವುದರಲ್ಲಿ ಸುಖ ಹೆಚ್ಚು. ನಮ್ಮವರನ್ನು ಬೈದರೆ ಪಕ್ಕದಲ್ಲಿ ಕೂತವನು ಅದೇ ಪಕ್ಷದವನಾಗಿರುತ್ತಾನೆ, ಇಲ್ಲವೇ ಅವನ ಹೆಂಡತಿಯ ಅಣ್ಣ ಆ ಪಕ್ಷದಲ್ಲಿರುತ್ತಾನೆ. ಆಮೇಲೆ ಬಸ್ಸು ಕೊರ್ಲಿಮ್ ಮುಟ್ಟುವವರೆಗೆ ಇಬ್ಬರೂ ಬೇರೆಬೇರೆ ಕಿಟಕಿ ನೋಡುತ್ತ ಹೋಗಬೇಕು. ಅಮೆರಿಕದ ಅಧ್ಯಕ್ಷರ ವಿಷಯದಲ್ಲಿ ಈ ತೊಂದರೆಯಿಲ್ಲ. ಅವರ ಪರವಾಗಿ ಜಗಳಕ್ಕೆ ಬರುವವರು ನಾನಿರುವ ಗೋವಾದ ಫಾತೋರ್ಡಾದಲ್ಲಿ ನನಗೆ ಇನ್ನೂ ಸಿಕ್ಕಿಲ್ಲ. ಹಾಗಾಗಿ ಬೆಳಗಿನ ಚಹಾದ ಜೊತೆ ಮೊಬೈಲಿನಲ್ಲಿ ಅಮೆರಿಕದ ಸುದ್ದಿ ಓದಿ, ಸಿಟ್ಟು ಆರುವ ಮೊದಲೇ ಕಂಪನಿಯ ಬಸ್ಸು ಹತ್ತಿ, ಅದನ್ನು ಎಲ್ಲರಿಗೂ ಹಂಚುವುದು ನನ್ನ ಅಭ್ಯಾಸವಾಗಿತ್ತು.

ನಾನು ಕೊರ್ಲಿಮ್‌ನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವವನು. ಮಡಗಾಂವ್ ಕಡೆಯಿಂದ ನಮ್ಮನ್ನೆಲ್ಲ ತುಂಬಿಕೊಂಡು ಹೋಗುವ ಬಸ್ಸಿನಲ್ಲಿ ಬಹುಪಾಲು ನಮ್ಮ ಕಡೆಯವರೇ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹೀಗೆ ಉತ್ತರ ಕರ್ನಾಟಕವನ್ನು ಮಡಚಿ ಸೀಟುಗಳ ಮೇಲೆ ಇಟ್ಟಂತೆ. ಡ್ರೈವರ್ ಸಾವಿಯೋ ಒಬ್ಬನೇ ಗೋವಾದವನು. ನಾನು ಡ್ರೈವರ್ ಸೀಟಿನ ಹಿಂದೆ ನಿಂತು ಹೇಳುತ್ತಿದ್ದೆ: "ಅಲ್ರೀ, ಬೀಗರಿಗೆ ರಾಯಭಾರಿ ಪದವಿ ಕೊಡ್ತಾನಂತ. ಬೀಗರಿಗೆ ನಾವು ಏನ್ ಕೊಡ್ತೀವಿ? ಹೋಳಿಗಿ ಊಟ ಹಾಕಿ, ಒಂದು ಟಾವೆಲ್ಲು ಟೊಪ್ಪಿಗಿ ಕೊಡ್ತೀವಿ. ಒಂದು ದೇಶಾನ ಕೊಡ್ತೀವೇನು?" ಎಲ್ಲರೂ ನಗುತ್ತಿದ್ದರು. ತನ್ನವರು ಮಾಡಿದ ಅಪರಾಧಕ್ಕೆ ಕ್ಷಮಾದಾನ, ತಪ್ಪು ಹುಡುಕುವ ಅಧಿಕಾರಿಗಳಿಗೆ ಮನೆಯ ದಾರಿ, ಬೆಳಗಾದರೆ ದಪ್ಪ ಪೆನ್ನಿನಿಂದ ಒಂದು ಆದೇಶ. ಇವನ್ನೆಲ್ಲ ನಾನು ವೆರ್ಣಾ ದಾಟುವವರೆಗೆ ಹೇಳುತ್ತಿದ್ದೆ. ಕೇಳುವವರಿಗೆ ಅಷ್ಟು ಹೊತ್ತು ನಿದ್ದೆ ಬರುತ್ತಿರಲಿಲ್ಲ ಎಂಬುದೇ ನನ್ನ ಸಾಧನೆ.

ಈ ಮಾತುಗಳೇ ನನಗೆ ಮುಳುವಾದವು. ಬಸ್ಸಿನಲ್ಲಿ ದಿನವೂ ಸೀಟಿನ ಜಗಳ, ನಿಲ್ಲಿಸುವ ಜಗಳ ನಡೆಯುತ್ತಿದ್ದುದರಿಂದ, ನಿಮ್ಮಲ್ಲೇ ಒಬ್ಬರನ್ನು ಬಸ್ಸಿನ ಪ್ರಮುಖರನ್ನಾಗಿ ಮಾಡಿಕೊಳ್ಳಿ, ಅವರು ಹೇಳಿದಂತೆ ಕೇಳಿ ಎಂದು ಕಂಪನಿಯವರು ಸೂಚಿಸಿದರು. ಇಲೆಕ್ಟ್ರಿಶಿಯನ್ ಮೌಲಾಸಾಬ ಎದ್ದು ನಿಂತ. ತಾಳಿಕೋಟೆಯ ಕಡೆಯ ಮನುಷ್ಯ, ಮಾತು ಕಡಿಮೆ. "ತಮ್ಮವರು ತಮ್ಮವರು ಅನ್ನೂದನ್ನ ಸರ್ ಎಷ್ಟ್ ಬೈತಾರ ದಿನಾ ಕೇಳೇವಿ. ಅವರ ಆಗ್ಲಿ. ಅವರ ಹತ್ರ ಅನ್ಯಾಯ ಆಗಂಗಿಲ್ಲ," ಎಂದ. ಎಲ್ಲರೂ ಕೈ ಎತ್ತಿದರು. ನಾನು ಬೇಡ ಬೇಡ ಎಂದೆ. ಎಷ್ಟು ಮೆಲ್ಲಗೆ ಎಂದೆನೆಂದರೆ ಮೊದಲ ಸೀಟಿನವರಿಗೂ ಕೇಳಿಸಲಿಲ್ಲ.

ಮರುದಿನ ಬಸ್ಸು ಹತ್ತುವಾಗ ಸಾವಿಯೋ "ಬರಬೇಕು ಪಾತ್ರಾಂವ್" ಎಂದ. ಪಾತ್ರಾಂವ್ ಎಂದರೆ ಯಜಮಾನ. ಗೋವಾದಲ್ಲಿ ಈ ಮಾತನ್ನು ಮೀನು ಮಾರುವವರೂ ಗಿರಾಕಿಗೆ ಅನ್ನುತ್ತಾರೆ, ಅದಕ್ಕೆ ವಿಶೇಷ ಅರ್ಥವೇನಿಲ್ಲ. ಆದರೆ ಇಷ್ಟು ವರ್ಷ ಈ ಊರಿನಲ್ಲಿದ್ದು ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಆ ಮಾತು ಕಿವಿಯಿಂದ ಒಳಗೆ ಹೋಗಿ, ನೆತ್ತಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿತು.

ಮೊದಲ ಆದೇಶ ಸಾರ್ವಜನಿಕ ಹಿತದ್ದು. ಫಾತೋರ್ಡಾದಲ್ಲಿ ಬಸ್ಸು ಸ್ಟೇಡಿಯಮ್ಮಿನ ಹತ್ತಿರ ನಿಲ್ಲುತ್ತಿತ್ತು. ಅಲ್ಲಿಗೆ ಬರಲು ನಾನು ಒಂದು ಏರು ಹತ್ತಬೇಕು, ನನಗೆ ಮೊಣಕಾಲು ನೋವು. ಬಸ್ಸಿನ ಪ್ರಮುಖನ ಮೊಣಕಾಲು ಎಂದರೆ ಒಂದರ್ಥದಲ್ಲಿ ಎಲ್ಲರ ಮೊಣಕಾಲು ಎಂದು ಯೋಚಿಸಿ, ನಮ್ಮ ಓಣಿಯ ಬಾಯಿಗೆ ಹೊಸ ನಿಲುಗಡೆ ಘೋಷಿಸಿದೆ. ವಾಟ್ಸಾಪ್ ಗುಂಪಿನಲ್ಲಿ "ಇಂದಿನಿಂದಲೇ ಜಾರಿ" ಎಂದು ಬರೆಯುವಾಗ ಕೈಗೆ ಒಂದು ಬಗೆಯ ಸುಖ ಸಿಕ್ಕಿತು. ಆ ಅಧ್ಯಕ್ಷರು ದಿನವೂ ಏಕೆ ಸಹಿ ಹಾಕುತ್ತಾರೆಂಬುದು ಆ ಹೊತ್ತು ಸ್ವಲ್ಪ ಅರ್ಥವಾಯಿತು. ಆದರೂ ಬಸ್ಸಿನಲ್ಲಿ ಅವರನ್ನು ಬೈಯುವುದನ್ನು ಬಿಡಲಿಲ್ಲ.

ಆಮೇಲೆ ಬಸು ಬಂದ. ಬಸವರಾಜ ನನ್ನ ಹೆಂಡತಿ ಸುಮಿತ್ರಾಳ ತಮ್ಮ. ಅದೇ ತಿಂಗಳು ನಮ್ಮ ಕಾರ್ಖಾನೆಗೆ ಸೇರಿ ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದ. ಒಳ್ಳೆಯ ಹುಡುಗ, ಆದರೆ ಅವನಿಗೂ ಗಡಿಯಾರಕ್ಕೂ ಪರಿಚಯವಿರಲಿಲ್ಲ. ಬಸ್ಸು ಹಾರ್ನ್ ಹೊಡೆಯುವಾಗ ಅವನ ತಲೆಗೂದಲು ಇನ್ನೂ ಅರ್ಧ ದಾರಿಯಲ್ಲಿರುತ್ತಿತ್ತು. ಬಾಚಿದ್ದನ್ನು ಕೆಡಿಸಿ, ಮತ್ತೆ ಬಾಚಿ, ಅದು ಬಾಚಿದಂತೆ ಕಾಣಬಾರದು ಎಂದು ಮತ್ತೆ ಕೆಡಿಸುವ ಕ್ರಮ ಅವನದು. ಇಂಥವನನ್ನು ಬಸ್ಸು ಬಿಟ್ಟು ಹೋದರೆ ಮನೆಯಲ್ಲಿ ನನ್ನ ಗತಿಯೇನು? ಅದಕ್ಕಾಗಿ ಅವನನ್ನು ಉಪಪ್ರಮುಖನನ್ನಾಗಿ ನೇಮಿಸಿದೆ. ಪದಾಧಿಕಾರಿಗಾಗಿ ಬಸ್ಸು ಕಾಯುವುದು ಶಿಷ್ಟಾಚಾರ. ಅವನ ಕೆಲಸವೇನು ಎಂದು ಯಾರೋ ಕೇಳಿದರು. ಹಿಂದಿನ ಸಾಲಿನ ಮೇಲ್ವಿಚಾರಣೆ ಎಂದೆ. ಬಸು ಹಿಂದಿನ ಸಾಲಿನಲ್ಲಿ ಅಡ್ಡ ಮಲಗಿ ಅಲ್ಲಿ ಬೇರೆ ಯಾರೂ ಗದ್ದಲ ಮಾಡದಂತೆ ನೋಡಿಕೊಂಡ.

ತಡವಾಗಿ ಬಂದವರು ಜುವಾರಿ ಸೇತುವೆಯವರೆಗೆ ನಿಂತೇ ಬರಬೇಕೆಂಬುದು ಹಳೆಯ ಕಟ್ಟಳೆ. ಬಸುವನ್ನು ನಿಲ್ಲಿಸಿದರೆ ನನಗೇ ಮುಜುಗರ, ಅವನೊಬ್ಬನನ್ನೇ ಬಿಟ್ಟರೆ ಪಕ್ಷಪಾತ. ಪಕ್ಷಪಾತವೆಂದರೆ ನನಗೆ ಆಗದು. ಆದ್ದರಿಂದ ನಮ್ಮ ತಾಲೂಕಿನವರಿಗೆಲ್ಲ ಸಾಮೂಹಿಕ ಕ್ಷಮಾದಾನ ಕೊಟ್ಟೆ. ತಡವಾದ ಕೊಪ್ಪಳ ಕಡೆಯವರಷ್ಟೇ ನಿಂತು ಬರತೊಡಗಿದರು.

ಇದಕ್ಕೆಲ್ಲ ಅಡ್ಡಿಯಾಗಿ ಉಳಿದದ್ದು ಮೌಲಾಸಾಬನ ಸೀಟಿ. ಪ್ರತಿ ನಿಲುಗಡೆಯಲ್ಲೂ ಹೊತ್ತು ನೋಡಿ, ಸಮಯವಾದ ಕೂಡಲೇ ಸೀಟಿ ಊದಿ ಬಸ್ಸು ಬಿಡಿಸುವುದು ಅವನ ಹೊಣೆ. ನಾನು ಪ್ರಮುಖನಾಗುವ ಮೊದಲಿಂದಲೂ ಅವನೇ ಊದುತ್ತಿದ್ದ. ನಮ್ಮ ಓಣಿಯ ಬಾಯಲ್ಲಿ ಅವನು ಸೀಟಿಯನ್ನು ಬಾಯಿಗಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದ. ನಾನು ಮೇಲೆ ಆಕಾಶ ನೋಡುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟ: "ಸರ್, ನಿಮ್ಮ ಮೈದುನಗ ಒಂದು ಟೈಮು, ಉಳಿದವರಿಗೆ ಒಂದು ಟೈಮು ಅಂದ್ರ ನಾ ಯಾವ ಟೈಮಿಗೆ ಊದಲಿ?" ಅದು ಅಮೆರಿಕದಲ್ಲಿ ತಪಾಸಣೆಯ ಅಧಿಕಾರಿಗಳನ್ನು ಮನೆಗೆ ಕಳಿಸಿದ ವಿಷಯವನ್ನು ನಾನು ಬಸ್ಸಿನಲ್ಲಿ ವಿವರಿಸಿದ ದಿನವೇ. ಎಂಥ ದರ್ಪ, ಪ್ರಶ್ನೆ ಕೇಳಿದವನನ್ನೇ ತೆಗೆದರೆ ದೇಶದ ಗತಿಯೇನು ಎಂದು ಗಂಟಲು ಒಣಗುವಂತೆ ಮಾತನಾಡಿ ಕೂತಿದ್ದೆ. ಹಾಗೇ ಕೂತು ಮೊಬೈಲ್ ತೆಗೆದು, ಮೌಲಾಸಾಬರ ದೀರ್ಘ ಸೇವೆಗೆ ಧನ್ಯವಾದಗಳು, ಇನ್ನು ಮುಂದೆ ಅವರಿಗೆ ವಿಶ್ರಾಂತಿ ಎಂದು ಗುಂಪಿಗೆ ಬರೆದೆ. ಎರಡು ಸಾಲು ಹಿಂದೆ ಅವನ ಮೊಬೈಲ್ ಟಿಂಗ್ ಎಂದಿತು. ಅವನು ಓದಿದ. ಸೀಟಿಯನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡ.

ಮನೆಯಲ್ಲಿ ಸುಮಿತ್ರಾಗೆ ಈ ಸಂಗತಿ ಬಸುವಿನಿಂದ ತಿಳಿಯಿತು. ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. ಟೀವಿಯಲ್ಲಿ ಅಮೆರಿಕ ನಡೆದಿತ್ತು, ನಾನು ಅದರ ಮುಂದೆ ಕೂತು ಬೈಯುತ್ತಿದ್ದೆ. "ಬೈರಿ, ಬೈರಿ," ಎಂದಳು. "ಅವರ ಮನ್ಯಾಗೂ ಟೀವಿ ಇರ್ತೈತಿ. ನಿಮ್ಮ ಬಸ್ಸಿನ ಸುದ್ದಿ ನೋಡಿ ಅವರೂ ಹಿಂಗ ಹಲ್ಲು ಕಡೀತಿರ್ತಾರ." ನಿನ್ನ ತಮ್ಮನಿಗಾಗಿಯೇ ಇದೆಲ್ಲ ಎಂದೆ. "ನನ್ನ ತಮ್ಮಗ ಗಡಿಯಾರ ಕಲಸ್ರಿ ಅಂದ್ರ ಹುದ್ದೆ ಕೊಟ್ರಿ," ಎಂದು ರೊಟ್ಟಿಯನ್ನು ತಿರುವಿ ಹಾಕಿದಳು.

ಒಂದು ಸೋಮವಾರ ಬಸು ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿದ. ಎಣ್ಣೆ ಹೋಗಲಿಲ್ಲ, ಮತ್ತೆ ಮಾಡಿದ. ಬಸ್ಸು ಓಣಿಯ ಬಾಯಲ್ಲಿ ಗುರುಗುಡುತ್ತ ನಿಂತಿತ್ತು. ಸಾವಿಯೋ ಎರಡು ಸಲ ನನ್ನ ಕಡೆ ತಿರುಗಿ ನೋಡಿದ. ಮೂರನೆಯ ಸಾಲಿನಲ್ಲಿ ಗಿರಿಜವ್ವ ಎದ್ದು ನಿಂತಳು. ಗಜೇಂದ್ರಗಡದ ಹೆಣ್ಣುಮಗಳು, ಪ್ಯಾಕಿಂಗ್ ವಿಭಾಗದಲ್ಲಿ ಗುತ್ತಿಗೆಯ ಮೇಲೆ ಕೆಲಸ. ಆ ತಿಂಗಳು ಅವಳನ್ನು ಕಾಯಂ ಮಾಡುವ ಮಾತು ನಡೆದಿತ್ತು. "ಸರ್, ಇವತ್ತ ನನ್ನ ನೋಡಾಕ ದೊಡ್ಡ ಸಾಹೇಬ್ರು ಬರೋರದಾರ್ರಿ. ಹೋಗೂಣ್ರಿ," ಎಂದಳು. ಬಂದ, ಬಂದ, ಚಪ್ಪಲಿ ಹಾಕ್ಕೊಳ್ಳಾಕತ್ತಾನ ಎಂದೆ. ಅವನು ಬಂದ. ಅಷ್ಟರಲ್ಲಿ ಮುಂದೆ ಎಲ್ಲೋ ಟ್ರಕ್ಕು ಕೆಟ್ಟು ನಿಂತು, ಸೇತುವೆಗೆ ಹತ್ತುವ ದಾರಿಯಲ್ಲಿ ಸಾಲು ಬೆಳೆದಿತ್ತು. ಹೊತ್ತಿಗೆ ಹೊರಟಿದ್ದರೆ ಅದಕ್ಕಿಂತ ಮೊದಲೇ ನಾವು ಹೊಳೆ ದಾಟಿರುತ್ತಿದ್ದೆವು. ಗಿರಿಜವ್ವ ಪೂರ್ತಿ ದಾರಿ ನಿಂತೇ ಇದ್ದಳು. ಯಾರೂ ಅವಳಿಗೆ ನಿಲ್ಲು ಎಂದಿರಲಿಲ್ಲ.

ಗೇಟು ತಲುಪುವ ಹೊತ್ತಿಗೆ ದೊಡ್ಡ ಸಾಹೇಬರು ಪ್ಯಾಕಿಂಗ್ ವಿಭಾಗವನ್ನು ನೋಡಿಕೊಂಡು ಹೋಗಿಯಾಗಿತ್ತು. ಖಾಲಿ ಮೇಜು ತೋರಿಸಿ, ಇವಳನ್ನೇ ಏನು ಕಾಯಂ ಮಾಡಬೇಕೆಂದಿರುವುದು ಎಂದು ಕೇಳಿದರಂತೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಗಿರಿಜವ್ವನನ್ನು ಕಂಡು, ಬೇಜಾರು ಮಾಡಿಕೊಳ್ಳಬೇಡ, ಟ್ರಾಫಿಕ್ಕಿಗೆ ಯಾರೇನು ಮಾಡಲಾಗುತ್ತದೆ ಎಂದೆ. ಅವಳು ಡಬ್ಬಿಯ ಮುಚ್ಚಳ ತೆಗೆಯದೆ ಕೂತಿದ್ದಳು. "ಸರ್, ನೀವು ಆ ಅಮೆರಿಕಾದವರ ಬಗ್ಗೆ ಹೇಳೂದೆಲ್ಲಾ ನಾ ದಿನಾ ಕೇಳ್ತಿದ್ದೆ," ಎಂದಳು. "ಭಾಳ ಕೆಟ್ಟವರು ಇರಬೇಕು ಅನಸ್ತಿತ್ತು. ಆದ್ರ ಅವರು ಒಂದಿನಾನೂ ನನ್ನ ಬಸ್ಸು ತಡಾ ಮಾಡಿಲ್ರಿ." ದನಿ ಏರಿಸಿ ಹೇಳಿದ್ದರೆ ಉತ್ತರ ಕೊಡಬಹುದಿತ್ತು. ಅವಳು ಮೆತ್ತಗೇ ಹೇಳಿದಳು.

ಸಂಜೆ ಮರಳುವಾಗ ಸೇತುವೆಗೆ ಮೊದಲು ಸಿಗುವ ಅಗಶಿ ಊರಿನ ಹತ್ತಿರ ಬಸ್ಸು ಮತ್ತೆ ಸಾಲಿನಲ್ಲಿ ಸಿಕ್ಕಿಕೊಂಡಿತು. ಅಮೆರಿಕದಲ್ಲಿ ಅಧ್ಯಕ್ಷರನ್ನು ಕೆಳಗಿಳಿಸಬೇಕಾದರೆ ಎರಡು ಸಭೆ, ವಿಚಾರಣೆ, ತಿಂಗಳುಗಟ್ಟಲೆ ಭಾಷಣ ಎಲ್ಲ ಬೇಕು. ನನ್ನದು ಮುಂದಿನ ಟ್ಯಾಂಕರ್ ಎರಡು ಮಾರು ಸರಿಯುವಷ್ಟರಲ್ಲಿ ಮುಗಿಯಿತು. ಕೊಪ್ಪಳದವನೊಬ್ಬ ಎದ್ದು, "ಸರ್ ಪ್ರಮುಖ ಇರೂದು ಬ್ಯಾಡ ಅನ್ನೋರು ಕೈ ಎತ್ರಿ," ಎಂದ. ಕೈಗಳು ಎದ್ದವು. ನಾನು ಕ್ಷಮಾದಾನ ಕೊಟ್ಟಿದ್ದ ನಮ್ಮ ತಾಲೂಕಿನವರ ಕೈಗಳೂ ಎದ್ದವು. ಆಸರೆಗಾಗಿ ಹಿಂದಿನ ಸಾಲಿನ ಕಡೆ ನೋಡಿದೆ. ಬಸು ಎದ್ದು ಕೂತಿದ್ದ, ಅದೇ ಒಂದು ವಿಶೇಷ. ಅವನ ಕೈಯೂ ಮೇಲಿತ್ತು. "ಮಾಮಾ, ತಪ್ಪು ತಿಳ್ಕೋಬ್ಯಾಡ್ರಿ. ಗಿರಿಜಕ್ಕನ ಮಾರಿ ನೋಡಾಕ ಆಗವಲ್ದು," ಎಂದ. ಅಧಿಕಾರ ಹೋದದ್ದಕ್ಕಿಂತ, ನಾನೇ ನೇಮಿಸಿದ ಅಧಿಕಾರಿಗೆ ಮನಸ್ಸಾಕ್ಷಿ ಇದ್ದದ್ದು ಹೆಚ್ಚು ಚುಚ್ಚಿತು. ಮೌಲಾಸಾಬನನ್ನು ಪ್ರಮುಖನನ್ನಾಗಿ ಮಾಡಿದರು. ಸಾವಿಯೋ ಗೇರು ಹಾಕುತ್ತ ಅವನನ್ನು ಪಾತ್ರಾಂವ್ ಎಂದು ಕರೆದ. ಸ್ವಲ್ಪವಾದರೂ ತಡೆದು ಕರೆಯಬಹುದಾಗಿತ್ತು.

ಮರುದಿನ ನಾನು ಮ್ಯಾನೇಜರ ಕೋಣೆಗೆ ಹೋದೆ. ಅವರು ಗೋವಾದ ಸಭ್ಯ ಮನುಷ್ಯ. ಗಿರಿಜವ್ವನ ತಪ್ಪಿಲ್ಲ, ಬಸ್ಸನ್ನು ನಿಲ್ಲಿಸಿದ್ದು ನಾನು ಎಂದೆ. ಯಾರಿಗಾಗಿ ಎಂದು ಕೇಳಿದರು. ಹೆಂಡತಿಯ ತಮ್ಮನಿಗಾಗಿ ಎಂದೆ. ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಕನ್ನಡಕ ತೆಗೆದು ಒರೆಸುತ್ತ, "ನನ್ನ ಹೆಂಡತಿಗೆ ಮೂವರು ತಮ್ಮಂದಿರು," ಎಂದರು. ಮುಂದಿನ ತಿಂಗಳು ದೊಡ್ಡ ಸಾಹೇಬರು ಮತ್ತೆ ಬಂದರು, ಗಿರಿಜವ್ವ ಮೇಜಿನ ಮುಂದಿದ್ದಳು, ಕಾಯಂ ಆದಳು. ಬಸ್ಸಿನಲ್ಲಿ ಪೇಢೆ ಹಂಚುವಾಗ ನನಗೂ ಕೊಟ್ಟಳು. ಬಸುವಿಗೆ ಎರಡು ಕೊಟ್ಟಳು.

ಮೌಲಾಸಾಬನ ಆಡಳಿತದಲ್ಲಿ ಬಸ್ಸು ಸ್ಟೇಡಿಯಮ್ಮಿನ ಹತ್ತಿರ ನಿಲ್ಲುತ್ತದೆ, ಸೀಟಿಗೆ ಹೊರಡುತ್ತದೆ. ಬಸು ಈಗ ಎಲ್ಲರಿಗಿಂತ ಮೊದಲು ಹೋಗಿ ನಿಂತಿರುತ್ತಾನೆ. ನಾನೇ ಕಳೆದ ವಾರ ತಡ ಮಾಡಿದೆ. ಅಮೆರಿಕದ ಒಂದು ಲೇಖನ ಉದ್ದವಾಗಿತ್ತು. ಏರು ಹತ್ತುತ್ತ ಫೋನು ಮಾಡಿ, "ಮೌಲಾಸಾಬ್, ಒಂದೀಟು ನಿಂದ್ರಸ್ರಿ, ಬಂದೆ," ಎಂದೆ. "ಸರ್, ನಿಮಗ ನಿಂದ್ರಿಸಿದ್ರ ಎಲ್ಲಾರಿಗೂ ನಿಂದ್ರಸ್ಬೇಕಾಗ್ತೈತ್ರಿ," ಎಂದ. ಫೋನಿನಲ್ಲೂ ಏರಿನ ಮೇಲಿನಿಂದಲೂ ಸೀಟಿ ಒಟ್ಟಿಗೇ ಕೇಳಿಸಿತು. ನ್ಯಾಯವೆಂದರೆ ನ್ಯಾಯವೇ ಸರಿ, ಆದರೂ ಇಷ್ಟು ದಿನದ ಒಡನಾಟಕ್ಕೆ ಬೆಲೆ ಬೇಡವೇ ಎಂದು ಗೊಣಗುತ್ತ ಪಣಜಿಗೆ ಹೋಗಿ, ಅಲ್ಲಿ ಫೋಂಡಾ ಬಸ್ಸು ಹತ್ತಿದೆ. ಒಳಗೆ ಕಾಲಿಡಲೂ ಜಾಗವಿರಲಿಲ್ಲ. ಕಂಬಿ ಹಿಡಿದು ಜೋಲಾಡುತ್ತ ಕೊರ್ಲಿಮ್ ಎಂದು ಟಿಕೆಟ್ ಕೇಳಿದೆ. ಕಂಡಕ್ಟರ್ ನನ್ನ ಮುಖವನ್ನು ದಿಟ್ಟಿಸಿ, "ಯಾವೂರ್ರಿ ಸರ್?" ಎಂದ. ಹೇಳಿದೆ. "ನಮ್ಮ ಅವ್ವನ ತವರುಮನಿ ಅಲ್ಲೇ ಬಾಜೂಕ ಐತ್ರಿ. ಏ, ಸರಿಯಪ್ಪಾ, ನಮ್ಮ ಕಡೆಯವರು ಅದಾರ, ಕೂಡ್ಲಿ," ಎಂದು ಕಿಟಕಿಯ ಹತ್ತಿರ ಕೂತಿದ್ದ ಯಾರೋ ಅಪರಿಚಿತನನ್ನು ಎಬ್ಬಿಸಿ ನನ್ನನ್ನು ಕೂರಿಸಿದ. ಎದ್ದವನು ನನ್ನನ್ನು ಕೆಕ್ಕರಿಸಿ ನೋಡಿದ. ಮಾಂಡವಿ ಹೊಳೆಯ ಮೇಲಿನಿಂದ ತಂಪು ಗಾಳಿ ಬರುತ್ತಿತ್ತು. ಪಾಪ, ಕಂಡಕ್ಟರು ಎಷ್ಟು ಒಳ್ಳೆಯವನು, ಇಂಥ ಮನುಷ್ಯತ್ವ ಈಗ ಎಲ್ಲಿ ಸಿಗುತ್ತದೆ ಎಂದುಕೊಳ್ಳುತ್ತ, ಮೊಬೈಲ್ ತೆಗೆದು, ಆ ಲೇಖನವನ್ನು ಬಿಟ್ಟಲ್ಲಿಂದ ಓದತೊಡಗಿದೆ.